ನಿಲ್ಲಿಸಿದ್ದ ಕಾರಿಗೆ ಗೂಡ್ಸ್ ಗಾಡಿ ಗುದ್ದಿ ಹೋಗಿದೆ, ನಂಬರ್ ಸಿಕ್ಕಿದೆ, ಮುಂದೇನು? (ಹುಬ್ಬಳ್ಳಿ)

ಕೇಶ್ವಾಪುರದಾಕಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾಗಬೇಡಿ.

ಕಳೆದ ಭಾನುವಾರ ವಿದ್ಯಾನಗರದಲ್ಲಿ ನಮ್ಮ ಬೀಗರ ಮನೆಯ ಮದುವೆ ಇತ್ತು. ಮಂಗಲ ಕಾರ್ಯಾಲಯದ ಒಳಗೆ ಗಾಡಿ ನಿಲ್ಲಿಸಲು ಜಾಗವೇ ಇರಲಿಲ್ಲ. ಹಾಗಾಗಿ ಪಕ್ಕದ ಅಡ್ಡರಸ್ತೆಯಲ್ಲಿ ಎಡಗಡೆ ಗಟಾರಿಗೆ ಹತ್ತಿಸಿ ಕಾರು ಬಿಟ್ಟಿದ್ದೆ. ನೋ ಪಾರ್ಕಿಂಗ್ ಬೋರ್ಡ್ ಇಲ್ಲ, ಯಾರ ಮನೆಯ ಗೇಟೂ ಅಲ್ಲ, ನಾನು ಎರಡು ಸಲ ನೋಡಿಯೇ ಇಳಿದದ್ದು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಬಂದು ನೋಡಿದರೆ ಬಲಗಡೆ ಹಿಂದಿನ ಬಾಗಿಲು ಒಳಗೆ ಹೋಗಿದೆ, ಬಂಪರ್ ಜೋತು ಬಿದ್ದಿದೆ, ಹಿಂದಿನ ದೀಪ ಪುಡಿ ಪುಡಿ. ಗುದ್ದಿದವನು ನಾಪತ್ತೆ.

ಎದುರಿಗೆ ಒಂದು ಪಾನ್ ಅಂಗಡಿ ಇದೆ. ಅಲ್ಲಿನ ಕಾಕಾ ಎಲ್ಲಾ ನೋಡಿದ್ದಾರೆ. ಒಂದು ಸಣ್ಣ ಗೂಡ್ಸ್ ಗಾಡಿ ಪೆಂಡಾಲಿನ ಸಾಮಾನು ಇಳಿಸಿ, ರಿವರ್ಸ್ ತಗೊಳ್ಳುವಾಗ ಗುದ್ದಿತಂತೆ. ಡ್ರೈವರ್ ಇಳಿದು ನೋಡಿ, ಆ ಕಡೆ ಈ ಕಡೆ ನೋಡಿ, ಹೋಗಿಯೇ ಬಿಟ್ಟ. ಕಾಕಾ ಅಡಿಕೆ ಪೊಟ್ಟಣದ ಹಿಂದೆ ನಂಬರ್ ಬರೆದಿಟ್ಟಿದ್ದರು. ಅದನ್ನು ಕೊಟ್ಟರು, ಕೊಡುವಾಗಲೇ "ತಂಗಿ, ನನ್ನ ಹೆಸರು ಎಲ್ಲೂ ಬರಬಾರದು ನೋಡ. ಪೊಲೀಸ್ರು ಕೋರ್ಟು ನನಗ ಬ್ಯಾಡ" ಎಂದರು. ಪಕ್ಕದ ಮೆಡಿಕಲ್ ಶಾಪಿನ ಸಿಸಿಟಿವಿ ಆ ಕಡೆಗೇ ಇದೆ, ಆದರೆ ಅವರು ಇನ್ನೂ ತೋರಿಸಿಲ್ಲ.

ನಂಬರ್ ಹಿಡಿದು ವಿಚಾರಿಸಿದಾಗ ಮಾಲೀಕರು ಸಿಕ್ಕರು. ಫೋನಿನಲ್ಲಿ "ಡ್ರೈವರ್ ಬಿಟ್ಟು ಹೋಗ್ಯಾನ್ರೀ, ಅವನನ್ನ ಕೇಳ್ರಿ" ಎಂದು ಇಟ್ಟರು. ಠಾಣೆಗೆ ಹೋದರೆ "ಯಾರಿಗೂ ಪೆಟ್ಟಾಗಿಲ್ಲ ಅಲ್ವಾ ಮೇಡಂ, ಇನ್ಶೂರೆನ್ಸ್ ಇದೆ ಅಲ್ವಾ, ಸುಮ್ನೆ ಯಾಕೆ ಓಡಾಡ್ತೀರಿ" ಎಂದರು. ಶೋರೂಮಿನಲ್ಲಿ ಎಸ್ಟಿಮೇಟ್ 38,400 ಕೊಟ್ಟಿದ್ದಾರೆ. ಕಾರಿಗೆ ಮೂರೂವರೆ ವರ್ಷ. ತಪ್ಪು ನನ್ನದಲ್ಲ, ನಾನು ಗಾಡಿಯಲ್ಲೇ ಇರಲಿಲ್ಲ. ನನ್ನ ಇನ್ಶೂರೆನ್ಸ್ ಯಾಕೆ ಮುಟ್ಟಬೇಕು? ಕಾನೂನಿನಲ್ಲಿ ಏನು ದಾರಿ ಇದೆ, ತಿಳಿದವರು ಹೇಳಿ.

ಗೋಕುಲರೋಡ್ ಗ್ಯಾರೇಜ್:

ಅಕ್ಕಾರ, ಮೊದಲನೇ ಮಾತು, ಗಾಡಿ ರಿಪೇರಿಗೆ ಬಿಡಬೇಡಿ. ಹದಿನೆಂಟು ವರ್ಷದಿಂದ ಟಿಂಕರಿಂಗ್ ಪೇಂಟಿಂಗ್ ಮಾಡಿಸುತ್ತಿದ್ದೇನೆ. ಜನ ಮಾಡುವ ದೊಡ್ಡ ತಪ್ಪೇ ಇದು. ಮನೆಗೆ ಡೊಂಕು ಗಾಡಿ ತರೋದು ನಾಚಿಕೆ ಅಂತ ಮರುದಿನವೇ ಬಾಗಿಲು ಬದಲಿಸಿ, ಆಮೇಲೆ ಫೋಟೋ ಎಲ್ಲಿ, ಹಳೇ ಬಾಗಿಲು ಎಲ್ಲಿ ಅಂತ ಒದ್ದಾಡುತ್ತಾರೆ. ಕೇಸ್ ಆದರೆ ಆರ್‌ಟಿಓದ ಇನ್ಸ್‌ಪೆಕ್ಟರ್ ಗಾಡಿ ನೋಡಬೇಕಾಗುತ್ತದೆ, ಕ್ಲೇಮ್ ಆದರೆ ಇನ್ಶೂರೆನ್ಸ್ ಸರ್ವೇಯರ್ ನೋಡಬೇಕು. ಬಂಪರ್ ತಂತಿಯಿಂದ ಕಟ್ಟಿಕೊಳ್ಳಿ, ಸದ್ಯಕ್ಕೆ ಅಷ್ಟೇ ಸಾಕು.

ಎರಡನೇದು ಆ ಸಿಸಿಟಿವಿ. ಇವತ್ತೇ ಹೋಗಿ. ಸಣ್ಣ ಅಂಗಡಿಗಳಲ್ಲಿ ಹಾರ್ಡ್ ಡಿಸ್ಕ್ ಚಿಕ್ಕದಿರುತ್ತದೆ, ವಾರ ಹದಿನೈದು ದಿನಕ್ಕೆ ಹಳೆಯದರ ಮೇಲೆ ಹೊಸದು ಕೂತುಬಿಡುತ್ತದೆ. ಕೊಡೋಲ್ಲ ಎಂದರೆ ಕೊನೆಗೆ ಅಳಿಸಬೇಡಿ ಅಂತಾದರೂ ಕೇಳಿಕೊಳ್ಳಿ.

ಮೂರನೇದು ಎಂಪರಿವಾಹನ್ ಆ್ಯಪಿನಲ್ಲಿ ಆ ಗಾಡಿಯ ನಂಬರ್ ಹಾಕಿ. ಇನ್ಶೂರೆನ್ಸ್ ಯಾವ ದಿನದವರೆಗೆ ಇದೆ ಅಂತ ಬರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ನಿಮ್ಮ ಕೇಸಿನ ಅರ್ಧ ಅಲ್ಲೇ ಗೊತ್ತಾಗುತ್ತದೆ.

ಸುಮ್ನೆ ಬಂದವ:

ಗುದ್ದಿ ಓಡಿ ಹೋದರೆ ಸರ್ಕಾರವೇ ಹಿಟ್ ಅಂಡ್ ರನ್ ಪರಿಹಾರ ಕೊಡುತ್ತದೆ, 50 ಸಾವಿರ. ಅದಕ್ಕೆ ಅರ್ಜಿ ಹಾಕಿ. ಇಲ್ಲ ಎಂದರೆ ಆಸ್ತಿ ಹಾಳು ಮಾಡಿದ ಕೇಸ್ ಹಾಕಿ ಒಳಗೆ ಹಾಕಿಸಿ. ಅದಿರಲಿ, ಮದುವೆ ಸೀಸನ್‌ನಲ್ಲಿ ವಿದ್ಯಾನಗರದ ಗಲ್ಲಿಯಲ್ಲಿ ಕಾರು ಬಿಟ್ಟು ಊಟಕ್ಕೆ ಹೋಗೋದು ಅಂದರೆ ಗುದ್ದಿಸಿಕೊಳ್ಳೋಕೇ ನಿಲ್ಲಿಸಿದ ಹಾಗೆ. ಚಿಗರಿ ಬಸ್ಸಿಗೆ ಹೋಗಬೇಕಿತ್ತು.

ಕರಿಕೋಟು ಧಾರವಾಡ:

ಮೇಲಿನವರು ಹೇಳಿದ್ದರಲ್ಲಿ ಚಿಗರಿ ಬಸ್ ಒಂದೇ ಸರಿ. ಹಿಟ್ ಅಂಡ್ ರನ್ ಯೋಜನೆ ಜನಕ್ಕೆ ಆದ ಪೆಟ್ಟಿಗೆ. ಸತ್ತರೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ, ಅದೂ ಗಾಡಿ ಯಾವುದು ಅಂತ ಗೊತ್ತಾಗದಿದ್ದಾಗ. ಬಾಗಿಲಿಗೆ, ಬಂಪರಿಗೆ ಒಂದು ಪೈಸೆಯೂ ಇಲ್ಲ. ಇನ್ನು ಆಸ್ತಿ ಹಾಳು ಮಾಡಿದ ಕೇಸ್ ನಿಲ್ಲಬೇಕಾದರೆ ಬೇಕಂತಲೇ ಮಾಡಿದ್ದು ಅಥವಾ ಹಾಳಾಗುತ್ತದೆ ಅಂತ ಗೊತ್ತಿದ್ದೂ ಮಾಡಿದ್ದು ಅಂತ ತೋರಿಸಬೇಕು. ರಿವರ್ಸ್‌ನಲ್ಲಿ ತಾಗಿದ್ದಕ್ಕೆ ಅದು ಹೊಂದುವುದಿಲ್ಲ.

ಈಗ ನಿಮ್ಮ ವಿಷಯ. ಮೋಟಾರು ವಾಹನ ಕಾಯ್ದೆ 1988ರ 134ನೇ ಕಲಂ ಓದಿ. ಬೇರೆಯವರ ಆಸ್ತಿಗೆ ಹಾನಿಯಾದರೂ ಡ್ರೈವರ್ ತಡಮಾಡದೆ, ಹೆಚ್ಚೆಂದರೆ 24 ಗಂಟೆಯೊಳಗೆ, ಠಾಣೆಗೆ ಹೋಗಿ ಹೇಳಬೇಕು. ತನ್ನ ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಬೇಕು. ಮಾಡದಿದ್ದರೆ 187ನೇ ಕಲಂ, 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. "ಯಾರಿಗೂ ಪೆಟ್ಟಾಗಿಲ್ಲ" ಅನ್ನುವ ಮಾತಿಗೆ ಇಲ್ಲಿ ಬೆಲೆಯೇ ಇಲ್ಲ. ಮಾಲೀಕರು "ಡ್ರೈವರ್ ಬಿಟ್ಟು ಹೋದ" ಎಂದು ಕೈ ತೊಳೆದುಕೊಳ್ಳಲೂ ಆಗುವುದಿಲ್ಲ. ಪೊಲೀಸರು ಕೇಳಿದರೆ ಆ ದಿನ ಯಾರು ಓಡಿಸುತ್ತಿದ್ದರು ಅಂತ ಹೇಳುವುದು 133ನೇ ಕಲಂ ಪ್ರಕಾರ ಮಾಲೀಕರ ಮೇಲೇ ಇದೆ. ಕೆಲಸದ ಮೇಲೆ ಓಡಿಸುತ್ತಿದ್ದ ಡ್ರೈವರ್ ಮಾಡಿದ ಹಾನಿಗೆ ಮಾಲೀಕರೂ ಹೊಣೆ. ಇದರ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 281, ಅಂದರೆ ಹಳೆಯ ಐಪಿಸಿಯ 279, ಸಾರ್ವಜನಿಕ ರಸ್ತೆಯಲ್ಲಿ ಅಜಾಗರೂಕ ಚಾಲನೆ. ಇದಕ್ಕೆ ಪೊಲೀಸರು ನೇರವಾಗಿ ಎಫ್‌ಐಆರ್ ಮಾಡಬಹುದು.

ಹಾಗಂತ ಓಡಿ ಹೋಗಿ ಎಫ್‌ಐಆರ್ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಒಂದು ಸೂಕ್ಷ್ಮ ಇದೆ. 281 ರಾಜಿ ಮಾಡಿಕೊಳ್ಳಲು ಬರುವ ಅಪರಾಧ ಅಲ್ಲ. ಎಫ್‌ಐಆರ್ ಆದ ಮೇಲೆ ನೀವಿಬ್ಬರೂ ಚಹಾ ಕುಡಿದು ಕೈ ಕುಲುಕಿದರೂ ಕೇಸ್ ತನ್ನ ದಾರಿ ಹಿಡಿದು ಹೋಗುತ್ತದೆ. ಆತ ಸಾಮಾನ್ಯವಾಗಿ ಕೋರ್ಟಿನಲ್ಲಿ ತಪ್ಪೊಪ್ಪಿ ದಂಡ ಕಟ್ಟುತ್ತಾನೆ. ಆ ದಂಡ ಸರ್ಕಾರಕ್ಕೆ, ನಿಮಗಲ್ಲ. ಹಾಗಾಗಿ ದುಡ್ಡು ಕೊಡಲು ಅವರಿಗೆ ಮನಸ್ಸು ಬರುವುದು ಎಫ್‌ಐಆರ್‌ಗೆ ಮೊದಲು. ಆಮೇಲೆ "ಹೇಗೂ ಕೇಸ್ ಆಗಿದೆ, ಕೋರ್ಟಿನಲ್ಲೇ ನೋಡಿಕೊಳ್ಳೋಣ" ಅಂತಾರೆ.

ಅದಕ್ಕೆ ದೂರನ್ನು ಬರೆದು ತಗೊಂಡು ಹೋಗಿ, ಬಾಯಲ್ಲಿ ಹೇಳಿ ಬರಬೇಡಿ. ಎರಡು ಪ್ರತಿ. ದಿನ, ಹೊತ್ತು, ಜಾಗ, ಗಾಡಿ ನಂಬರ್, ಏನೇನು ಹಾಳಾಗಿದೆ, ಎಸ್ಟಿಮೇಟ್, ಫೋಟೋ. ಎರಡನೇ ಪ್ರತಿಯ ಮೇಲೆ ಸೀಲು ಸಹಿ, ಇಲ್ಲವೇ ಹಿಂಬರಹ ಕೇಳಿ. ತಗೊಳ್ಳೋಲ್ಲ ಎಂದರೆ ಅದೇ ದೂರನ್ನು ಪೋಸ್ಟಿನಲ್ಲಿ ಮೇಲಧಿಕಾರಿಗೆ ಕಳಿಸಲು ನಾಗರಿಕ ಸುರಕ್ಷಾ ಸಂಹಿತೆಯ 173(4)ರಲ್ಲಿ ದಾರಿ ಇದೆ. ಅಲ್ಲೂ ಆಗಲಿಲ್ಲ ಎಂದರೆ ಮ್ಯಾಜಿಸ್ಟ್ರೇಟ್. ಹುಬ್ಬಳ್ಳಿ-ಧಾರವಾಡಕ್ಕೆ ಪೊಲೀಸ್ ಕಮಿಷನರೇಟ್ ಇದೆ, ಹಾಗಾಗಿ ನಿಮ್ಮ ಕಾಗದ ಅಲ್ಲಿಗೆ ಹೋಗಬೇಕು. ಅಷ್ಟು ದೂರ ಹೋಗುವ ಪ್ರಸಂಗ ಕಡಿಮೆ. ಬರೆದ ಕಾಗದ ಟೇಬಲ್ ಮೇಲೆ ಇಟ್ಟಾಗ ಧ್ವನಿ ಬದಲಾಗೋದನ್ನು ನಾನು ಬಹಳ ಸಲ ನೋಡಿದ್ದೇನೆ.

ದುಡ್ಡು ಬರಲಿಲ್ಲ ಅಂದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅದು ಸಾವು ನೋವಿಗೆ ಮಾತ್ರ ಅಂತ ಎಲ್ಲರೂ ತಿಳಿದಿದ್ದಾರೆ. ಆದರೆ ಆಸ್ತಿ ಹಾನಿಗೂ, ಆಸ್ತಿಯ ಮಾಲೀಕರು 166ನೇ ಕಲಂ ಕೆಳಗೆ ಅರ್ಜಿ ಹಾಕಬಹುದು. ಡ್ರೈವರ್, ಮಾಲೀಕ, ಅವರ ಇನ್ಶೂರೆನ್ಸ್ ಕಂಪನಿ ಮೂವರನ್ನೂ ಸೇರಿಸಬೇಕು. ಘಟನೆ ನಡೆದ ಜಾಗದಲ್ಲೂ ಹಾಕಬಹುದು, ನೀವಿರುವ ಊರಿನಲ್ಲೂ ಹಾಕಬಹುದು. ಕಾಯ್ದೆಯಲ್ಲಿ 6 ತಿಂಗಳ ಗಡುವು ಇದೆ, 2022ರ ಏಪ್ರಿಲ್ 1ರಿಂದ ಮತ್ತೆ ಬಂದಿದೆ, ಮರೆಯಬೇಡಿ. ಥರ್ಡ್ ಪಾರ್ಟಿ ಪಾಲಿಸಿಯಲ್ಲಿ (ಬೇರೆಯವರಿಗೆ ಆದ ಹಾನಿಗೆ ಇರುವ ಇನ್ಶೂರೆನ್ಸ್) ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷದವರೆಗೆ ರಕ್ಷಣೆ ಇರುತ್ತದೆ. ಪ್ರೀಮಿಯಂ ಉಳಿಸಲು ಅದನ್ನು 6,000ಕ್ಕೆ ಇಳಿಸಿಕೊಂಡವರೂ ಇರುತ್ತಾರೆ, ಆಗ ಉಳಿದದ್ದು ಮಾಲೀಕರ ಜೇಬಿನಿಂದ. ಇನ್ಶೂರೆನ್ಸೇ ಇಲ್ಲ ಎಂದರೆ ಎಲ್ಲವೂ ಜೇಬಿನಿಂದ, ಅದರ ಮೇಲೆ 196ನೇ ಕಲಂ ದಂಡ ಬೇರೆ, ಮೊದಲ ಸಲಕ್ಕೆ 2,000.

ಸಿಸಿಟಿವಿ ಬಗ್ಗೆ ಒಂದು ಮಾತು. ಪೆನ್‌ಡ್ರೈವ್‌ನಲ್ಲಿ ತಂದರಷ್ಟೇ ಸಾಲದು, ಕೋರ್ಟಿಗೆ ಹೋದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕಾಗುತ್ತದೆ. ಪೊಲೀಸರೇ ವಶಪಡಿಸಿಕೊಂಡರೆ ನಿಮ್ಮ ತಲೆನೋವು ಕಡಿಮೆ. ಪಾನ್ ಅಂಗಡಿ ಕಾಕಾ ಹೆದರಿದ್ದರೆ ಒತ್ತಾಯ ಮಾಡಬೇಡಿ, ವಿಡಿಯೋ ಚೆನ್ನಾಗಿದ್ದರೆ ಅವರಿಲ್ಲದೆಯೂ ನಡೆಯುತ್ತದೆ.

ವಕೀಲರ ಫೀಸಿನ ಚಿಂತೆ ಇದ್ದರೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಕೋರ್ಟಿನಲ್ಲೇ ಅವರ ಆಫೀಸು ಕೇಳಿ.

ಸುಮ್ನೆ ಬಂದವ:

ಸರಿ ಸರ್, ಒಪ್ಪಿದೆ. ಆದರೆ ರಸ್ತೆಯಲ್ಲಿ ನಿಲ್ಲಿಸಿದ್ದಕ್ಕೆ ಮೇಡಂ ಅವರದ್ದೂ ತಪ್ಪು ಅಂತ ಅವರು ಹೇಳೋಲ್ವಾ?

ಕರಿಕೋಟು ಧಾರವಾಡ:

ಹೇಳುತ್ತಾರೆ, ಖಂಡಿತ ಹೇಳುತ್ತಾರೆ. ತಿರುವಿನಲ್ಲಿ, ಅರ್ಧ ರಸ್ತೆ ಹಿಡಿದು, ರಾತ್ರಿ ದೀಪವಿಲ್ಲದೆ ನಿಲ್ಲಿಸಿದ್ದರೆ ಆ ವಾದಕ್ಕೆ ಬಲ ಇರುತ್ತದೆ, ಪರಿಹಾರದಲ್ಲಿ ಪಾಲು ಕಡಿತ ಆಗಬಹುದು. ಹಾಡು ಹಗಲು ಗಟಾರಿಗೆ ಹತ್ತಿ ನಿಂತ ಗಾಡಿಗೆ ಹಿಂದೆ ನೋಡದೆ ಗುದ್ದಿದರೆ ಆ ಮಾತು ನಡೆಯೋಲ್ಲ. ಅದಕ್ಕೇ ದೂರದಿಂದ ತೆಗೆದ ಫೋಟೋ ಬೇಕು. ರಸ್ತೆ ಪೂರ್ತಿ ಕಾಣಬೇಕು, ಇನ್ನೊಂದು ಗಾಡಿ ಹೋಗುವಷ್ಟು ಜಾಗ ಇತ್ತು ಅಂತ ಕಾಣಬೇಕು. ಎಲ್ಲರೂ ಬಾಗಿಲಿನ ಹತ್ತಿರ ಹೋಗಿ ಡೊಂಕನ್ನೇ ಹತ್ತು ಫೋಟೋ ತೆಗೀತಾರೆ.

ಕೇಶ್ವಾಪುರದಾಕಿ:

ಸರ್, ಬಹಳ ಉಪಕಾರ ಆಯಿತು. ನಾನೂ ಡೊಂಕಿನದ್ದೇ ಹನ್ನೊಂದು ಫೋಟೋ ತೆಗೆದಿದ್ದೇನೆ ಎಂದು ಹೇಳಿಕೊಳ್ಳಲು ನಾಚಿಕೆ. ಪುಣ್ಯಕ್ಕೆ ನಮ್ಮ ಅಳಿಯ ಮದುವೆ ಮಂದಿಯ ವಿಡಿಯೋ ಮಾಡುವಾಗ ರಸ್ತೆ ಪೂರ್ತಿ ಬಂದಿದೆ. ಮೆಡಿಕಲ್ ಶಾಪಿನವರೂ ಒಪ್ಪಿದರು, ವಿಡಿಯೋದಲ್ಲಿ ನಂಬರ್ ಸ್ಪಷ್ಟ ಇದೆ. ಆ ಗಾಡಿಗೆ ಇನ್ಶೂರೆನ್ಸ್ ಇದೆ, ಎಂಪರಿವಾಹನ್‌ನಲ್ಲಿ ಬರುತ್ತಿದೆ.

ಮನೆಯಲ್ಲಿ ಮಾತ್ರ "ಕೋರ್ಟು ಕಚೇರಿ ಯಾಕೆ, ನಿನ್ನ ಇನ್ಶೂರೆನ್ಸ್‌ನಲ್ಲೇ ಮಾಡಿಸು, ಮುಗೀತು" ಎನ್ನುತ್ತಿದ್ದಾರೆ. ನನ್ನ ಪಾಲಿಸಿಯಲ್ಲಿ ಜೀರೋ ಡೆಪ್ (ಭಾಗಗಳ ಸವಕಳಿ ಕಡಿಯದೆ ಕೊಡುವ ಸೌಲಭ್ಯ) ಇಲ್ಲ. ಈಗ ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) 35% ಇದೆ. ಎನ್‌ಸಿಬಿ ಕಳೆಯುವ ಮೊದಲು ಓನ್ ಡ್ಯಾಮೇಜ್ (ನನ್ನ ಗಾಡಿಗೇ ಆಗುವ ಹಾನಿಯ) ಪ್ರೀಮಿಯಂ 14,000 ಆಸುಪಾಸು. ಅದು ಲಾಭವೋ ನಷ್ಟವೋ?

ಲೆಕ್ಕದ ಮಾಸ್ತರ, ಗದಗ:

ತಂಗಿ, ಇದನ್ನು ಕೇಳಿದ್ದು ಒಳ್ಳೆಯದಾಯಿತು. ನಿವೃತ್ತಿ ಆದರೂ ಲೆಕ್ಕ ಬಿಡುವುದಿಲ್ಲ ನನಗೆ. ಎಸ್ಟಿಮೇಟಿನ ವಿವರ ಕೊಡು, ಮಾಡಿ ತೋರಿಸುತ್ತೇನೆ.

ಕೇಶ್ವಾಪುರದಾಕಿ:

ಬಾಗಿಲು 13,200, ಬಂಪರ್ 5,600, ಹಿಂದಿನ ದೀಪ 4,200, ಪೇಂಟಿಂಗ್ 8,400, ಕೂಲಿ 7,000. ಕಾರು 1200 ಸಿಸಿ, ಪೆಟ್ರೋಲ್.

ಲೆಕ್ಕದ ಮಾಸ್ತರ, ಗದಗ:

ಸರಿ. ಜೀರೋ ಡೆಪ್ ಇಲ್ಲದಿದ್ದರೆ ಸವಕಳಿ ಕಡಿಯುತ್ತಾರೆ. ಮೂರು ದಾಟಿ ನಾಲ್ಕು ತುಂಬದ ಗಾಡಿಯ ಲೋಹದ ಭಾಗಕ್ಕೆ 25%, ಬಾಗಿಲಿನಲ್ಲಿ 3,300 ಹೋಯಿತು. ಪ್ಲಾಸ್ಟಿಕ್ಕಿಗೆ ವಯಸ್ಸು ಎಷ್ಟಿದ್ದರೂ 50%, ಬಂಪರ್ 2,800, ದೀಪ 2,100. ಪೇಂಟಿಂಗ್ ಒಟ್ಟಾಗಿ ಬರೆದಿದ್ದರೆ ಅದರಲ್ಲಿ ಕಾಲು ಭಾಗವನ್ನು ಬಣ್ಣದ ಸಾಮಾನು ಎಂದು ಹಿಡಿದು ಅದರ ಮೇಲೆ ಅರ್ಧ ಕಡಿಯುತ್ತಾರೆ, 8,400ರಲ್ಲಿ 1,050. ಕೂಲಿಗೆ ಕಡಿತ ಇಲ್ಲ. 1500 ಸಿಸಿ ಒಳಗಿನ ಗಾಡಿಗೆ ಕಡ್ಡಾಯವಾಗಿ ನೀನು ಹಾಕಬೇಕಾದದ್ದು 1,000. ಎಲ್ಲಾ ಸೇರಿ 10,250. ಅಂದರೆ 38,400ರಲ್ಲಿ ಕಂಪನಿ ಕೊಡುವುದು ಸುಮಾರು 28,150. ಸರ್ವೇಯರ್ ಸ್ವಲ್ಪ ಆಚೆ ಈಚೆ ಮಾಡಬಹುದು.

ಈಗ ಎನ್‌ಸಿಬಿ. ಮೆಟ್ಟಿಲು ಹೀಗೆ ಏರುತ್ತದೆ, 20, 25, 35, 45, 50. ಕ್ಲೇಮ್ ಮಾಡದಿದ್ದರೆ ಮುಂದಿನ ಸಲ ನಿನಗೆ 45. ಮಾಡಿದರೆ ಸೊನ್ನೆ, ಮತ್ತೆ ಮೊದಲಿನಿಂದ ಏರಬೇಕು. ಪ್ರೀಮಿಯಂ 14,000 ಎಂದೇ ಹಿಡಿದರೆ ಮೊದಲ ವರ್ಷ 45% ಪೂರ್ತಿ ಹೋಯಿತು, 6,300. ಎರಡನೇ ವರ್ಷ 50ರ ಬದಲು 20, ನಷ್ಟ 4,200. ಮೂರನೆಯದು 50ರ ಬದಲು 25, ನಷ್ಟ 3,500. ನಾಲ್ಕನೆಯದು 2,100, ಐದನೆಯದು 700. ಒಟ್ಟು 16,800. ಗಾಡಿ ಹಳೆಯದಾದಂತೆ ಪ್ರೀಮಿಯಂ ಇಳಿಯುತ್ತದೆ, ಹಾಗಾಗಿ ನಿಜವಾದ ನಷ್ಟ ಇದಕ್ಕಿಂತ ಒಂದಿಷ್ಟು ಕಡಿಮೆ.

28,150 ಬಂದು 16,800 ಹೋದರೆ ಕೈಗೆ ಹತ್ತಿದ್ದು 11,350. 38,400 ಖರ್ಚಿಗೆ! "ಇನ್ಶೂರೆನ್ಸ್‌ನಲ್ಲಿ ಫ್ರೀ ಆಯ್ತು" ಎಂದು ಹೇಳುವವರಿಗೆ ಈ ಲೆಕ್ಕ ತೋರಿಸು. ಆ ಮಾಲೀಕ 25,000 ಕೊಟ್ಟರೂ ನಿನ್ನ ಕ್ಲೇಮಿಗಿಂತ ಒಳ್ಳೆಯದು. 12,000ಕ್ಕೆ ಮುಗಿಸೋಣ ಎಂದರೆ ಮಾತ್ರ ಎರಡೂ ಒಂದೇ, ಆಗ ಜಗಳಾಡಿ ಪ್ರಯೋಜನ ಇಲ್ಲ.

ಕರಿಕೋಟು ಧಾರವಾಡ:

ಮಾಸ್ತರ ಲೆಕ್ಕಕ್ಕೆ ಎರಡು ಮಾತು ಸೇರಿಸುತ್ತೇನೆ. ಕ್ಲೇಮ್ ಮಾಡಲಿ ಬಿಡಲಿ, ನಿಮ್ಮ ಕಂಪನಿಗೆ ಘಟನೆಯನ್ನು ಈಗಲೇ ತಿಳಿಸಿಡಿ. ತಿಳಿಸಿದ ಮಾತ್ರಕ್ಕೆ ಎನ್‌ಸಿಬಿ ಹೋಗೋಲ್ಲ, ದುಡ್ಡು ತಗೊಂಡರೆ ಹೋಗುತ್ತದೆ. ನಾಳೆ ರಾಜಿ ಮುರಿದರೆ ತಡವಾಗಿ ಹೇಳಿದಿರಿ ಎಂಬ ತಕರಾರು ಇರಬಾರದು.

ಇನ್ನೊಂದು, ಎರಡು ಕಡೆ ದುಡ್ಡು ತಗೊಳ್ಳೋಕೆ ಬರೋಲ್ಲ. ನಿಮ್ಮ ಕ್ಲೇಮ್ ತಗೊಂಡರೆ ಸಿಗದೇ ಉಳಿದ ಹತ್ತು ಸಾವಿರವನ್ನು ಮಾತ್ರ ಎದುರಿನವರಿಂದ ಕೇಳಬಹುದು. ಕೊಟ್ಟದ್ದನ್ನು ವಸೂಲಿ ಮಾಡುವ ಹಕ್ಕು ನಿಮ್ಮ ಕಂಪನಿಗೆ ಹೋಗುತ್ತದೆ. "ನನಗೆ ಇನ್ನೇನೂ ಬರಬೇಕಾಗಿಲ್ಲ" ಅಂತ ಅವರಿಗೆ ಬರೆದುಕೊಟ್ಟು ಆಮೇಲೆ ನಿಮ್ಮ ಕ್ಲೇಮ್ ಹಾಕಿದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಯಾವುದಾದರೂ ಒಂದು ದಾರಿ ಹಿಡಿಯಿರಿ.

ಹಾವೇರಿ ಎಕ್ಸ್‌ಪ್ರೆಸ್:

ನನ್ನ ಕಥೆ ಕೇಳಿ, ಹೀಗೆ ಮಾಡಬೇಡಿ. ಎರಡು ವರ್ಷದ ಹಿಂದೆ ಹಾವೇರಿಯಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ನಿಂತ ಗಾಡಿಗೆ ಒಬ್ಬರು ಗುದ್ದಿದರು. ಬಹಳ ಮರ್ಯಾದಸ್ಥರು, ಕೈ ಮುಗಿದರು, "ಅಣ್ಣಾರ, ಸೋಮವಾರ ಬಂದು ಪೂರ್ತಿ ಕೊಡ್ತೇನಿ" ಎಂದರು. ನಂಬಿದೆ. ಡಿಎಲ್ ಫೋಟೋ ಇಲ್ಲ, ಕಾಗದ ಇಲ್ಲ, ಠಾಣೆಗೆ ಹೋಗಲಿಲ್ಲ. ಎಷ್ಟೋ ಸೋಮವಾರ ಆದವು. ಕೊನೆಗೆ ಅವರ ನಂಬರ್ ಸ್ವಿಚ್ ಆಫ್. ಸಿಸಿಟಿವಿಯೂ ಅಷ್ಟರಲ್ಲಿ ಹೋಗಿತ್ತು. 17,000 ನನ್ನದೇ ಕೈಯಿಂದ ಹಾಕಿದೆ. ದುಡ್ಡು ಖಾತೆಗೆ ಬರುವತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಅಕ್ಕಾರ.

ನವನಗರ ಫ್ಲ್ಯಾಟ್:

ನಡುವೆ ಒಂದು ಪ್ರಶ್ನೆ. ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದಕ್ಕೆ ಪಕ್ಕದ ಫ್ಲ್ಯಾಟಿನವರು ಗುದ್ದಿದರೆ?

ಕರಿಕೋಟು ಧಾರವಾಡ:

281 ಸಾರ್ವಜನಿಕ ರಸ್ತೆಗೆ, ಹಾಗಾಗಿ ಗೇಟಿನ ಒಳಗೆ ಅದು ಹೊಂದುವುದು ಕಷ್ಟ. ನಿಮ್ಮ ಓನ್ ಡ್ಯಾಮೇಜ್ ಕ್ಲೇಮ್‌ಗೆ ಜಾಗದ ತಕರಾರು ಇಲ್ಲ. ಅದಕ್ಕಿಂತ ಮೊದಲು ಪಕ್ಕದವರ ಮನೆ ಬಾಗಿಲು ತಟ್ಟಿ, ನಾಳೆಯೂ ಲಿಫ್ಟಿನಲ್ಲಿ ಅವರ ಮುಖವೇ ನೋಡಬೇಕು.

ಕೇಶ್ವಾಪುರದಾಕಿ:

ಎಲ್ಲರಿಗೂ ಹೇಳಬೇಕು ಅಂತ ಬಂದೆ, ಹನ್ನೆರಡು ದಿನ ಆಯಿತು.

ಕರಿಕೋಟು ಸರ್ ಹೇಳಿದ ಹಾಗೆ ದೂರು ಬರೆದು ಎರಡು ಪ್ರತಿ ತಗೊಂಡು ಹೋದೆ. 134, 187 ಎರಡನ್ನೂ ಬರೆದಿದ್ದೆ. ಮೊದಲು ಅದೇ ಮಾತು, "ಸಣ್ಣದು ಬಿಡ್ರೀ". ನಾನು ಕೂತಲ್ಲೇ ಕೂತೆ, ಎರಡನೇ ಪ್ರತಿ ಮುಂದೆ ಇಟ್ಟುಕೊಂಡು. ಒಂದು ತಾಸಾದ ಮೇಲೆ ಸೀಲು ಬಿತ್ತು, ಅಲ್ಲಿಂದಲೇ ಮಾಲೀಕರಿಗೆ ಒಂದು ಫೋನೂ ಹೋಯಿತು. ಅದೇ ಸಂಜೆ ಮಾಲೀಕರು ಅವರ ಅಣ್ಣನ ಜೊತೆ ಮನೆಗೆ ಬಂದರು. ಬಿಟ್ಟು ಹೋಗಿದ್ದ ಡ್ರೈವರ್ ಕೂಡ ಹಿಂದೆಯೇ ನಿಂತಿದ್ದ!

15,000ದಿಂದ ಶುರು ಮಾಡಿದರು. ಮಾಸ್ತರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಇಟ್ಟುಕೊಂಡಿದ್ದೆ, ಹಾಗಾಗಿ ಎಲ್ಲಿ ನಿಲ್ಲಬೇಕು ಎಂದು ನನಗೆ ಗೊತ್ತಿತ್ತು. ನ್ಯಾಯಮಂಡಳಿಗೆ ಹೋದರೆ ಪೂರ್ತಿ 38 ಕೇಳುತ್ತೇನೆ, ನಿಮ್ಮ ಗಾಡಿಯೂ ಇನ್‌ಸ್ಪೆಕ್ಷನ್‌ಗೆ ನಿಲ್ಲಬೇಕಾಗುತ್ತದೆ ಎಂದೆ. ಗಾಡಿ ನಿಲ್ಲಬೇಕು ಎಂದ ಕೂಡಲೇ ಅಣ್ಣ ತಮ್ಮನ ಮುಖ ನೋಡಿದ. ಸೀಸನ್ ಅಲ್ವಾ, ದಿನಾ ಬಾಡಿಗೆ ಇರುತ್ತದೆ. 32,000ಕ್ಕೆ ಬಂದು ನಿಂತಿತು. ಖಾತೆಗೆ ಹಾಕಿಸಿಕೊಂಡೆ, ಮೆಸೇಜ್ ಬಂದ ಮೇಲೆಯೇ ಕಾಗದಕ್ಕೆ ಸಹಿ. ಗಾಡಿ ನಂಬರ್, ದಿನ, ಮೊತ್ತ ಎಲ್ಲಾ ಬರೆದು ಇಬ್ಬರು ಸಾಕ್ಷಿ. ಮರುದಿನ ಠಾಣೆಯಲ್ಲೂ ಹೇಳಿ ಬರೆದುಕೊಟ್ಟು ಬಂದೆವು.

ರಿಪೇರಿ ಕೊನೆಗೆ 37,100 ಆಯಿತು. 5,100 ನನ್ನ ಕೈಯಿಂದ ಹೋಯಿತು, ಹೊಟ್ಟೆ ಉರಿಯುತ್ತದೆ, ಆದರೂ ಎನ್‌ಸಿಬಿ ಉಳಿಯಿತು. ಕೋರ್ಟಿಗೆ ಹೋಗಿ ಪೂರ್ತಿ ತಗೊಳ್ಳಬೇಕಿತ್ತು ಎಂದು ನಮ್ಮ ತಮ್ಮ ಇನ್ನೂ ಹೇಳುತ್ತಿದ್ದಾನೆ. ಅವನು ರಜೆ ಹಾಕಿ ತಾರೀಖಿಗೆ ಓಡಾಡುವುದಾದರೆ ಮುಂದಿನ ಸಲ ನೋಡೋಣ.

ಪಾನ್ ಅಂಗಡಿ ಕಾಕಾರಿಗೆ ಒಂದು ಮಾತು ಹೇಳೋಣ ಅಂತ ಹೋಗಿದ್ದೆ. ಅಲ್ಲಿ ನಾಲ್ಕು ಜನರ ಮುಂದೆ ನಂಬರ್ ಹಿಡಿದ ಕಥೆ ಜೋರಾಗಿ ನಡೆದಿತ್ತು, ಗಾಡಿಯ ಹಿಂದೆ ಸರ್ಕಲ್ ತನಕ ಓಡಿದೆ ಎನ್ನುವುದೂ ಈಗ ಸೇರಿಕೊಂಡಿದೆ. ನನ್ನನ್ನು ನೋಡಿ ಕೇಳಿದರು, "ತಂಗಿ, ಪೊಲೀಸ್ರಿಗೆ ಕೊಟ್ಟ ಕಾಗದದಾಗ ನನ್ನ ಹೆಸರು ಹಾಕಿದ್ಯೋ ಇಲ್ಲೋ?" ಇಲ್ಲ ಕಾಕಾ, ನೀವೇ ಬೇಡ ಅಂದಿದ್ರಿ ಅಲ್ವಾ ಎಂದೆ. ಬಹಳ ಬೇಜಾರು ಮಾಡಿಕೊಂಡರು.